ನಾಲಿಗೆಯ ಕೆಳಗೂ ನೋಡುತ್ತಿದ್ದವರು

ಹೋದ ತಿಂಗಳು ರಾಣೆಬೆನ್ನೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯ ತಗಡಿನ ಶೆಡ್ಡಿನಲ್ಲಿ, ನನ್ನ ಜೊತೆ ಕೆಲಸ ಮಾಡಿದ್ದ ಗುಳಿಗಿ ಕಾಕಾ ಅವರ ನೆನಪಿಗೆಂದು ಒಂದು ಪ್ರಾರ್ಥನಾ ಕೂಟ ಇಟ್ಟಿದ್ದರು. ಮಣ್ಣು ಮಾಡಿ ವಾರ ಕಳೆದಿತ್ತು. ನಾನೂ ನನ್ನ ಹೆಂಡತಿ ಗಿರಿಜಾಳೂ ಬ್ಯಾಡಗಿಯಿಂದ ಹೋಗಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದೆವು. ಆ ಸಭೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಒಬ್ಬೊಬ್ಬರಾಗಿ ಎದ್ದು, ನನಗೆ ಇಂಥ ಜಡ್ಡಿತ್ತು, ಪ್ರಾರ್ಥನೆ ಮಾಡಿದರು, ಹೋಯಿತು ಎಂದು ಹೇಳುವುದು. ಉಳಿದವರು ಆಮೆನ್ ಅನ್ನುವುದು. ಆರೇಳು ಜನ ಹಾಗೆ ಹೇಳಿ ಕುಳಿತ ಮೇಲೆ ಸಭೆಯ ಹಿರಿಯರು ನನ್ನ ಕಡೆ ಕೈ ಮಾಡಿದರು.

"ಸರ್, ನೀವು ಅವರ ಕೂಡ ಹನ್ನೆರಡು ವರ್ಷ ಕೆಲಸಾ ಮಾಡೀರಿ. ನಿಮ್ಮ ಮನಿಯವರೂ ಅವರ ಕೈಯಾಗ ಚಲೋ ಆದವರು. ನೀವೂ ಒಂದು ಸಾಕ್ಷಿ ಹೇಳ್ರಿ."

ನಾನು ಎದ್ದು ನಿಂತೆ. ಏನು ಹೇಳಿದೆ ಎಂಬುದು ಆಮೇಲಿನ ಮಾತು. ಮೊದಲು ನಾನು ಎಂಥ ಸಾಕ್ಷಿ ಎಂಬುದು ನಿಮಗೆ ಗೊತ್ತಿರಲಿ.

ನಾನು ಬ್ಯಾಡಗಿಯ ಒಂದು ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಷಯ ಇದೆ, ಇಲ್ಲ ಎಂದು ಬರೆದು ಕೊಡುವುದೇ ಮೂವತ್ತು ವರ್ಷ ನನ್ನ ಅನ್ನ. ಕಣ್ಣಿಗೆ ಕಾಣದ್ದನ್ನು ನಂಬಿದವನಲ್ಲ, ಕಂಡದ್ದನ್ನೂ ಎರಡು ಸಲ ನೋಡಿ ನಂಬಿದವನು. ಮೆಣಸಿನಕಾಯಿ ಕೊಳ್ಳುವಾಗ ತೂಕಕ್ಕೆಂದು ನೀರು ಹೊಡೆದಿದ್ದಾರೇನೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜದ ಸದ್ದು ಕೇಳಿದ ಮೇಲೇ ಚೀಲ ಒಡ್ಡುವವನು. ಗಿರಿಜಾ ಹೇಳುತ್ತಾಳೆ, "ನಿಮ್ಮ ತಮ್ಮ ಬಂದು ಅಣ್ಣಾ ಅಂದ್ರೂ ಆಧಾರ್ ಕಾರ್ಡ್ ಕೇಳೂ ಪೈಕಿ ನೀವು." ಅದು ಸ್ವಲ್ಪ ಹೆಚ್ಚಾಯಿತು, ಆದರೆ ಬಹಳ ಹೆಚ್ಚಲ್ಲ.

ಇಂಥವನ ಪಕ್ಕದ ಕೋಣೆಗೆ ಅವರು ಬಂದರು. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಊರಿಗೆಲ್ಲ ಅವರು ಗುಳಿಗಿ ಕಾಕಾ. ಕ್ಷಯದ ರೋಗಿಗಳಿಗೆ ದಿನಾ ಕಣ್ಣೆದುರಿಗೇ ಗುಳಿಗೆ ನುಂಗಿಸುವುದು ಅವರ ಕೆಲಸ. ರಾಣೆಬೆನ್ನೂರಿನಿಂದ ಮುಂಜಾನೆಯ ಗಾಡಿಗೆ ಬರುತ್ತಿದ್ದರು. ಸಣ್ಣವರಿದ್ದಾಗ ಪೋಲಿಯೋ ಆಗಿ ಎಡಗಾಲು ಕಡ್ಡಿಯಾಗಿತ್ತು. ಹೆಜ್ಜೆಗೊಮ್ಮೆ ಎಡಗೈಯನ್ನು ತೊಡೆಗೆ ಊರಿ, ಹೆಗಲ ಚೀಲವನ್ನು ಬಲಕ್ಕೆ ತಳ್ಳಿಕೊಂಡು, ಅವರು ಓಣಿ ಓಣಿ ನಡೆಯುವುದನ್ನು ಕಂಡರೆ ಜನ ತಮ್ಮ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಅಂಗೈಯಗಲದ ಬೈಬಲ್ಲಿನ ಪುಸ್ತಕ, ಹೊಸ ಒಡಂಬಡಿಕೆ. ಆ ಪುಸ್ತಕ ಕಂಡ ದಿನವೇ ನಾನು ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡೆ.

ಅವರ ಗುಳಿಗೆ ಕೊಡುವ ಕ್ರಮ ಹೀಗೆ. ರೋಗಿಯ ಅಂಗೈಯಲ್ಲಿ ಗುಳಿಗೆ ಇಟ್ಟು, ನೀರಿನ ಲೋಟ ಕೈಗೆ ಕೊಟ್ಟು, ತಾವು ಕಣ್ಣು ಮುಚ್ಚುವರು. ತುಟಿ ಅಲುಗುವುದು, ಸದ್ದಿಲ್ಲ. ನುಂಗಿದ ಗುಟುಕು ಕೇಳಿದ ಕೂಡಲೇ ಕಣ್ಣು ತೆರೆದು, "ಬಾಯಿ ತೆಗೀರಿ. ನಾಲಿಗಿ ಎತ್ರಿ," ಅನ್ನುವರು. ಸಣ್ಣ ಬ್ಯಾಟರಿ ಹಾಕಿ ನಾಲಿಗೆಯ ಕೆಳಗೆ, ಎರಡೂ ದವಡೆಯ ಮೂಲೆಗೆ ನೋಡುವರು. ಪೊಲೀಸರೂ ಅಷ್ಟು ನೋಡುವುದಿಲ್ಲ.

"ಏನ್ ಕಾಕಾ, ದೇವರ ಮ್ಯಾಲೆ ನಂಬಿಕಿ ಇದ್ರ ಬಾಯಾಗ ಯಾಕ ನೋಡ್ತೀರಿ?" ಎಂದು ನಾನು ಕೆಣಕಿದೆ.

"ದೇವರ ಮ್ಯಾಲೆ ಐತ್ರಿ ಸಾಹೇಬ್ರ. ನಾಲಿಗಿ ಮ್ಯಾಲೆ ಇಲ್ಲ," ಅಂದರು.

ಮಾತು ಚೆನ್ನಾಗಿತ್ತು. ಮಾತು ಚೆನ್ನಾಗಿರುವವರ ಬಗ್ಗೆ ನನಗೆ ಇನ್ನಷ್ಟು ಸಂಶಯ.

ನನ್ನ ಸಂಶಯ ಎರಡು ಬಗೆಯದು. ದಿನಾ ರೋಗಿಗಳ ಮನೆಯೊಳಗೆ ಹೋಗುವ ಈ ಮನುಷ್ಯ ಗುಳಿಗೆಯ ಜೊತೆಗೆ ಮತ್ತೇನನ್ನಾದರೂ ನುಂಗಿಸುತ್ತಾನೋ ಎಂಬುದು ಒಂದು. ಸರ್ಕಾರದ ಗುಳಿಗೆಯಿಂದ ವಾಸಿಯಾದವರನ್ನು ಭಾನುವಾರ ತಮ್ಮ ಸಭೆಯ ಶೆಡ್ಡಿನಲ್ಲಿ ನಿಲ್ಲಿಸಿ ಪವಾಡ ಅನ್ನಿಸುತ್ತಾನೋ ಎಂಬುದು ಇನ್ನೊಂದು. ಕೇಳಿದರೆ ಯಾರು ಹೌದು ಅನ್ನುತ್ತಾರೆ? ಒಂದು ಭಾನುವಾರ ಪೇಟೆಯಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ರಾಣೆಬೆನ್ನೂರಿಗೆ ಹೋಗಿ, ಅದೇ ಶೆಡ್ಡಿನ ಕಿಟಕಿ ಪಕ್ಕದಲ್ಲಿ ಟವೆಲು ತಲೆಗೆ ಸುತ್ತಿಕೊಂಡು ಕುಳಿತೆ.

ಹಲಗೇರಿಯ ಒಬ್ಬ ಹೆಣ್ಣುಮಗಳು ಎದ್ದು ಸಾಕ್ಷಿ ಹೇಳಿದಳು. ನಾಲ್ಕು ತಿಂಗಳ ಕೆಮ್ಮು, ಹಿರಿಯರು ತಲೆ ಮುಟ್ಟಿ ಪ್ರಾರ್ಥನೆ ಮಾಡಿದರು, ಹದಿನೈದು ದಿನದಲ್ಲಿ ಹೋಯಿತು. ಶೆಡ್ಡಿಗೆ ಶೆಡ್ಡೇ ಆಮೆನ್ ಅಂದಿತು. ಆಕೆಯನ್ನು ನಾನು ಬಲ್ಲೆ. ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುವವಳು. ನಮ್ಮೂರಿನ ಸಂಗತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಬ್ಯಾಡಗಿಯಲ್ಲಿ ಕೆಮ್ಮು ರೋಗವಲ್ಲ, ಹವಾಮಾನ. ಕಾಯಿಯ ಸುಗ್ಗಿ ಶುರುವಾದರೆ ಗಾಳಿಯೆಲ್ಲ ಘಾಟು. ಬಸ್ಸಿಳಿದ ಬೀಗರು ಸೀನುತ್ತಲೇ ಮನೆಗೆ ಬರುತ್ತಾರೆ. ಸುಗ್ಗಿ ಮುಗಿದರೆ ಕೆಮ್ಮೂ ಹೋಗುತ್ತದೆ. ಪ್ರಾರ್ಥನೆ ಮಾಡಿದವನದ್ದೂ, ಬೈದವನದ್ದೂ. ಸುಗ್ಗಿ ಮುಗಿದು ಆಗ ಸರಿಯಾಗಿ ಹದಿನೈದು ದಿನವಾಗಿತ್ತು. ಸಿಕ್ಕಿಬಿದ್ದಿರಿ ಕಾಕಾ, ಎಂದುಕೊಂಡೆ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವರೇ ತೊಡೆಗೆ ಕೈ ಊರಿ ಎದ್ದರು. "ಕಫಾ ತಪಾಸ್ ಮಾಡಿಸೀಯೇನವಾ?" ಎಂದು ಆಕೆಯನ್ನು ಕೇಳಿದರು.

ಹಿರಿಯರು, "ದೇವರು ಮುಟ್ಟಿದ ಮ್ಯಾಲೆ ತಪಾಸಣಿ ಯಾಕ್ರಿ?" ಅಂದರು.

"ಕುಷ್ಠ ಹೋದವನಿಗೆ ಪುಸ್ತಕದಾಗ ನಮ್ಮ ಸ್ವಾಮಿ ಏನಂದ? ಯಾಜಕನ ಕಡೆ ಹೋಗಿ ಮೈ ತೋರ್ಸು ಅಂದ. ಮೈ ನೋಡಿ ಇಂವ ಚಲೋ ಆಗ್ಯಾನ, ಊರೊಳಗ ಬಿಡ್ರಿ ಅಂತ ಹೇಳೂದು ಆ ಕಾಲದಾಗ ಯಾಜಕನ ಕೆಲಸ. ಚಲೋ ಮಾಡಿದವನೇ ತಪಾಸಣಿಗೆ ಕಳಿಸ್ಯಾನ. ನಾವ್ಯಾಕ ಅಂಜಬೇಕು?" ಎಂದು ನನ್ನ ಕಡೆ ತಿರುಗಿದರು. "ನಮ್ಮ ಯಾಜಕರು ಅಗೋ ಅಲ್ಲಿ ಕಿಟಕಿ ಬಾಜೂಕ ಟವೆಲ್ ಸುತಗೊಂಡು ಕುಂತಾರ. ನಾಳೆ ಮುಂಜಾನೆ ಅವರ ಕಡೆ ಹೋಗವಾ."

ನನ್ನ ಮುಖ ಬ್ಯಾಡಗಿ ಕಾಯಿಯಾಯಿತು. ಬಸ್ಸಿನಲ್ಲಿ ಬರುವಾಗ ಮಾತ್ರ ಬೇರೆ ಯೋಚನೆ ಬಂತು: ನಾನು ಬಂದದ್ದು ಕಂಡೇ ಹಾಗೆ ಮಾತಾಡಿದ್ದಾರು. ಈ ಯೋಚನೆಯಿಂದ ಮನಸ್ಸಿಗೆ ಸಮಾಧಾನವಾಯಿತು.

ಮರುದಿನ ಚಹಾದ ಹೊತ್ತಿಗೆ ನಾನು ಬಿಡಲಿಲ್ಲ. "ನಂಬಿದವ ಚಲೋ ಆಗ್ತಾನ ಅಂತ ನಿಮ್ಮ ಪುಸ್ತಕದಾಗ ಐತಿ ಅಂತೀರಿ. ಹಂಗಾದ್ರ ಚಲೋ ಆಗದವ ನಂಬಿಲ್ಲ ಅಂತ ಆತು. ಜಡ್ಡೂ ಅವಂದ, ತಪ್ಪೂ ಅವಂದ. ಇದ್ಯಾವ ನ್ಯಾಯ? ಹಂಗಾದ್ರ ನಿಮ್ಮ ಕಾಲು?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬಸಿಯಲ್ಲಿದ್ದ ಚಹಾವನ್ನು ಪೂರ್ತಿ ಕುಡಿದು, ಬಸಿ ಕೆಳಗಿಟ್ಟರು.

"ನಾ ಹತ್ತು ವರ್ಷದವ ಇದ್ದಾಗ ಒಬ್ಬ ಪ್ರಾರ್ಥನಾ ಮಾಡಾಂವ ನಮ್ಮ ಮನಿಗೆ ಬಂದಿದ್ದ. ಮೂರು ದಿನಾ ನನ್ನ ಕಾಲು ಹಿಡಿದು ಕುಂತ. ಕಾಲು ಏಳ್ಲಿಲ್ಲ. ಹೋಗೂ ಮುಂದ ನಮ್ಮವ್ವಗ, ನಿನ್ನ ನಂಬಿಕಿ ಕಮ್ಮಿ ಬಿತ್ತವಾ ಅಂದು ಹೋದ. ನಮ್ಮವ್ವ ಸಾಯೂತನಕಾ ನನ್ನ ಕಾಲು ತನ್ನ ತಪ್ಪು ಅಂತ ತಿಳಕೊಂಡಿದ್ಲು."

ನಾನು ಅವರ ಬಸಿಗೆ ಇನ್ನಷ್ಟು ಚಹಾ ಸುರಿದೆ.

"ಅದಕ್ಕ ಈ ಪುಸ್ತಕಾ ಓದಾಕ ಕುಂತೆ. ಯಾರ ನಂಬಿಕಿಗೆ ಯಾರು ಚಲೋ ಆದ್ರು, ನೋಡೇಬಿಡೂಣು ಅಂತ. ಒಬ್ಬ ಹೆಣ್ಮಗಳು ಬಂದ್ಲು, ಸ್ವಾಮಿ ಅರಿವಿ ಅಂಚು ಮುಟ್ಟಿದ್ಲು, ನಿನ್ನ ನಂಬಿಕಿನೇ ನಿನ್ನ ಚಲೋ ಮಾಡ್ತು ಅಂದ. ಅದು ಎಲ್ಲಾರಿಗೂ ಗೊತ್ತು. ಮಾಳಗಿ ಕಿತ್ತು ಒಬ್ಬ ಲಕವಾ ಹೊಡದವನ್ನ ಸ್ವಾಮಿ ಮುಂದ ಇಳಿಸಿದರಲ್ಲ, ಅಲ್ಲಿ ನಂಬಿಕಿ ಹೊತಗೊಂಡು ಬಂದ ನಾಕು ಮಂದೀದು. ಮಲಗಿದಾಂವ ಒಂದು ಮಾತೂ ಆಡಿಲ್ಲ. ಕೊಳದ ದಂಡಿಗೆ ಮೂವತ್ತೆಂಟು ವರ್ಷ ಬಿದ್ದಿದ್ದಾಂವಗ ತನ್ನ ಎಬ್ಬಿಸಿದಾಂವ ಯಾರು ಅನ್ನೂದೂ ಗೊತ್ತಿರಲಿಲ್ಲ. ಫಿಟ್ಸ್ ಬರೂ ಹುಡುಗನ ಅಪ್ಪ, ನಂಬೇನಿ, ಆದ್ರ ಪೂರಾ ನಂಬಾಕ ಆಗವಲ್ದು, ಅದಕ್ಕೂ ನೀನೇ ಏನರೆ ಮಾಡು ಅಂದ. ಅವನ ಮಗಾನೂ ಎದ್ದ."

ಇದಕ್ಕೂ ನಾನು ತಯಾರಾಗಿ ಬಂದಿದ್ದೆ. ಅವರನ್ನು ಹಿಡಿಯಲೆಂದೇ ಅದೇ ಪುಸ್ತಕದ ಒಂದು ಪ್ರತಿ ತರಿಸಿ ಓದಿದ್ದೆ. "ನಿಮ್ಮ ಸ್ವಾಮಿ ಸ್ವಂತ ಊರಾಗ ಮಂದಿ ನಂಬಲಿಲ್ಲ, ಅಲ್ಲಿ ಪವಾಡ ನಡೀಲಿಲ್ಲ ಅಂತ ಐತಲ್ಲ?"

ಅವರ ಮುಖ ಅರಳಿತು. ಹನ್ನೆರಡು ವರ್ಷದಲ್ಲಿ ಅಷ್ಟು ಖುಷಿಯಾದದ್ದನ್ನು ನಾನು ನೋಡಿಲ್ಲ. "ಓದೀರಿ ಹಂಗಾದ್ರ. ಅದರ ಮುಂದಿನ ಮಾತೂ ಓದ್ರಿ. ಅಲ್ಲೂ ನಾಕು ಮಂದಿ ಬ್ಯಾನಿ ಬಿದ್ದವರ ಮ್ಯಾಲೆ ಕೈ ಇಟ್ಟು ಚಲೋ ಮಾಡಿದ ಅಂತ ಬರದಾರ. ಮತ್ತ ಆ ಫಿಟ್ಸ್ ಹುಡುಗನ್ನ ಮೊದಲು ಶಿಷ್ಯರ ಕಡೆ ತಂದಿದ್ರು, ಅವರ ಕೈಲೆ ಆಗಲಿಲ್ಲ. ಆಗ ನಂಬಿಕಿ ಕಮ್ಮಿ ಅಂತ ಬೈಸಿಕೊಂಡವರು ಯಾರು? ಶಿಷ್ಯರು. ಹುಡುಗನೂ ಅಲ್ಲ, ಅವರಪ್ಪನೂ ಅಲ್ಲ. ಚಲೋ ಆಗಲಿಲ್ಲ ಅಂದ್ರ ಚಲೋ ಮಾಡಾಕ ಹೋದವರನ್ನ ಕೇಳಬೇಕು. ಅದಕ್ಕ ನಾ ನಾಲಿಗಿ ಕೆಳಗ ನೋಡ್ತೇನ್ರಿ."

ಹಲಗೇರಿಯ ಆ ಹೆಣ್ಣುಮಗಳು ಬಂದು ಕಫ ಕೊಟ್ಟಳು. ಏನೂ ಇರಲಿಲ್ಲ, ಬರಿಯ ಘಾಟು. ನೋಡಿದಿರಾ, ನಾನು ಹೇಳಿದ್ದೇ ಖರೆ ಎಂದು ಅವರಿಗೆ ನಾಲ್ಕು ಸಲ ಹೇಳಿದೆ. ನನ್ನ ಕಣ್ಣಿನ ಮೇಲೆ ನನಗೆ ಆಗ ಬಲು ಹೆಮ್ಮೆ.

ಮುಂದಿನ ಸುಗ್ಗಿಯಲ್ಲಿ ಗಿರಿಜಾ ಕೆಮ್ಮತೊಡಗಿದಳು. ನಮ್ಮ ಮನೆ ಮಾರ್ಕೆಟ್ ಯಾರ್ಡಿನ ಹಿಂದೆ. ಕಿಟಕಿ ಮುಚ್ಚಿದರೂ ಘಾಟು ಸಂದಿಯಲ್ಲಿ ಬರುತ್ತದೆ. ಒಂದು ತಿಂಗಳಾಯಿತು, ಎರಡಾಯಿತು. ಸಂಜೆ ಮೈ ಬೆಚ್ಚಗಾಗುತ್ತದೆ ಅಂದಳು. "ಸುಗ್ಗಿ ಮುಗೀಲಿ, ಹೋಗ್ತದ," ಅಂದೆ. ಬಳೆ ಸಡಿಲವಾಗಿ ಮೊಣಕೈಗೆ ಜಾರುತ್ತಿದ್ದವು. ಅದೂ ಕಂಡಿತ್ತು. ಅಡುಗೆಗೆ ಎಣ್ಣೆ ಕಡಿಮೆ ಮಾಡಿದ್ದಾಳೆ, ಅದಕ್ಕೆ ಇಳಿದಿದ್ದಾಳೆ ಎಂದುಕೊಂಡೆ.

ಒಂದು ದಿನ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಅವರು ಮನೆಗೆ ಬಂದರು. ಒಳಗಿನಿಂದ ಕೆಮ್ಮು ಕೇಳಿತು. ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಅವರು ಕಿವಿಗೊಟ್ಟರು. ಗಿರಿಜಾ ಚಹಾ ತಂದಾಗ ಚೀಲದಿಂದ ಕಫದ ಡಬ್ಬಿ ತೆಗೆದು, "ಅಕ್ಕಾರ, ನಾಳೆ ಎದ್ದ ಕೂಡಲೇ, ಬಾಯಿ ತೊಳಕೊಂಡು, ಎದಿಯಾಳದಿಂದ ಕೆಮ್ಮಿ ಇದರಾಗ ಹಾಕ್ರಿ," ಅಂದರು.

ನನಗೆ ರೇಗಿತು. ಊರೆಲ್ಲ ಆಯಿತು, ಈಗ ನನ್ನ ಮನೆಯ ಹೊಸ್ತಿಲು. ಇವತ್ತು ಡಬ್ಬಿ, ನಾಳೆ ಪ್ರಾರ್ಥನೆ. "ಅದು ಘಾಟು ಕಾಕಾ. ನನಗ ಗೊತ್ತಾಗೂದಿಲ್ಲೇನು? ನಿಮ್ಮ ಡಬ್ಬಿ ತಗೊಂಡು ಹೋಗ್ರಿ," ಅಂದೆ. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಎರಡು ದಿನದ ಮೇಲೆ ಬಂದ ಕಫಗಳಲ್ಲಿ ಒಂದರ ಚೀಟಿಯ ಮೇಲೆ 'ಗಿರಿಜವ್ವ, ಅಗಡಿ' ಎಂದಿತ್ತು. ಹಾವೇರಿ ಸೀಮೆಯಲ್ಲಿ ಓಣಿಗೊಬ್ಬ ಗಿರಿಜವ್ವ. ಆದರೂ ನಾನು ಬಿಡುವವನಲ್ಲ. "ಅಗಡಿಯಾಕಿ ಹಾವೇರಿಗೆ ಹೋಗೂದು ಬಿಟ್ಟು ಇಲ್ಲಿಗೆ ಯಾಕ ಬಂದಾಳ?" ಎಂದು ಕೇಳಿದೆ.

"ಗಂಡನ ಮನಿ ಇಲ್ಲೇ ಐತ್ರಿ," ಅಂದರು.

ನೋಡಿದೆ. ನೀಲಿ ಹಾಸಿನ ಮೇಲೆ ಕ್ಷಯದ ಕೆಂಪು ಕಡ್ಡಿಗಳು. ಒಂದೆರಡಲ್ಲ, ಕಣ್ಣು ಹಾಯಿಸಿದಲ್ಲೆಲ್ಲ. ಮೂರು ಪ್ಲಸ್, ಅಂದರೆ ಅತಿ ಹೆಚ್ಚು, ಎಂದು ಬರೆಯುತ್ತ ಬಾಯಿ ಬಿಟ್ಟೆ. "ಇಷ್ಟು ಬೆಳೆಯೂತನಕಾ ಈಕಿ ಗಂಡ ಏನ್ ಮಾಡಾಕತ್ತಿದ್ದ? ಕಣ್ಣು ಮುಚಗೊಂಡು ಕುಂತಿದ್ನೇನು?"

ಅವರು ಬಾಗಿಲಲ್ಲಿ ನಿಂತಿದ್ದರು. "ನಂಬಿಕಿ ಇಟಗೊಂಡು ಕುಂತಿದ್ದ್ರಿ," ಅಂದರು.

"ಯಾವ ದೇವರ ಮ್ಯಾಲೆ?"

"ಮೆಣಸಿನಕಾಯಿ ಘಾಟಿನ ಮ್ಯಾಲೆ."

ನಾನು ಚೀಟಿಯನ್ನು ಮತ್ತೆ ನೋಡಿದೆ. ಅಗಡಿ ಗಿರಿಜಾಳ ತವರು. ಆಮೇಲೆ ತಿಳಿಯಿತು: ನಾನು ಬೈದು ಕಳಿಸಿದ ಮರುದಿನ ಆಕೆಯೇ ದವಾಖಾನೆಯ ಹಿಂಬಾಗಿಲಿಗೆ ಬಂದು ಡಬ್ಬಿ ಕೇಳಿ ಪಡೆದಿದ್ದಳು. ತವರೂರಿನ ಹೆಸರು ಬರೆಯಿರಿ, ನಮ್ಮ ಮನೆಯವರಿಗೆ ತಿಳಿಯುವುದು ಬೇಡ ಎಂದೂ ಹೇಳಿದ್ದಳು. ಊರಿನವರ ಎದೆಯೆಲ್ಲ ನೋಡಿದ ನಾನು ಒಂದೇ ಹಾಸಿಗೆಯ ಕೆಮ್ಮನ್ನು ನೋಡಿರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ನಾನೇ. ಗಾಜು ಕೈಯಿಂದ ಜಾರಿತು. ಅವರು ಬಗ್ಗಿ ಎತ್ತಿಕೊಟ್ಟರು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬಂತು ಎಂದುಕೊಂಡಿರೇನು? ಅವರು ಮನೆಗೆ ಬಂದು ಗುಳಿಗೆ ಕೊಡುವುದೆಂದು ನಿಶ್ಚಯವಾದಾಗ ನಾನು ಷರತ್ತು ಹಾಕಿದೆ. "ಗುಳಿಗಿ ಕೊಡ್ರಿ. ನಮ್ಮ ಮನಿಯೊಳಗ ಪ್ರಾರ್ಥನಾ ಬ್ಯಾಡ."

"ಆತ್ರಿ. ಮನಿಯೊಳಗ ಮಾಡೂದಿಲ್ಲ," ಅಂದರು.

ಮಾತಿಗೆ ತಪ್ಪಲಿಲ್ಲ. ನಾನು ಪಡಸಾಲೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಅವರು ಗುಳಿಗೆ ನುಂಗಿಸುವಾಗ ಕಣ್ಣು ತೆರೆದೇ ಇರುತ್ತಿದ್ದವು. ಆದರೆ ಹೋಗುವಾಗ ಗೇಟಿನ ಹೊರಗೆ ಕಂಬ ಹಿಡಿದು, ತೊಡೆ ನೀವಿಕೊಳ್ಳುತ್ತ, ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಯಾರಿಗಾದರೂ ಕಾಯುತ್ತಾರೋ, ಮನೆಯ ಮೇಲೆ ಕಣ್ಣಿಟ್ಟಿದ್ದಾರೋ ಎಂದು ಕಿಟಕಿಯಿಂದ ನೋಡಿದೆ. ಯಾರೂ ಬರುತ್ತಿರಲಿಲ್ಲ. ಕಾಲು ನೋಯುತ್ತದೆ, ಪಾಪ, ಎಂದುಕೊಂಡು ಬಿಟ್ಟೆ.

ಎರಡು ತಿಂಗಳಿಗೆ ಗಿರಿಜಾಳ ಕೆಮ್ಮು ನಿಂತಿತು, ಮುಖಕ್ಕೆ ಕಳೆ ಬಂತು. ಒಂದು ಶನಿವಾರ ಆಕೆ ತನ್ನ ತಾಯಿಯೊಡನೆ ಕದರಮಂಡಲಗಿಗೆ ಹೋಗಿ ಹಣಮಪ್ಪನಿಗೆ ಕಾಯಿ ಒಡೆಸಿ ಬಂದಳು. ಅದಾದ ಮೂರನೆಯ ದಿನ ಅವರು ನಾಲಿಗೆ ಎತ್ತಿಸಿದರೆ ಕೆಳಗೆ ಗುಳಿಗೆಗಳು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಹಣಮಪ್ಪ ಹೇಗೂ ಗುಣ ಮಾಡಿದ್ದಾನೆ, ಇನ್ನು ಯಾಕೆ ಎಂದು ಆಕೆ ಕಣ್ಣೀರು ಹಾಕಿದಳು.

ಬಾಗಿಲ ಹಿಂದಿದ್ದ ನಾನು ಮೈಯೆಲ್ಲ ಕಿವಿಯಾದೆ. ಈಗ ನಮ್ಮ ದೇವರ ಮೇಲೆ ಒಂದು ಮಾತು ಬರುತ್ತದೆ, ಆಗ ಹಿಡಿಯುತ್ತೇನೆ.

"ಹಣಮಪ್ಪ ಚಲೋ ಮಾಡಿದ್ರ ಗಾಜಿನ ಮ್ಯಾಲೆ ಗೊತ್ತಾಗತೈತಿ ಅಕ್ಕಾರ," ಅಂದರು ಅವರು. "ಆರು ತಿಂಗಳ ಮುಗದು, ಸಾಹೇಬ್ರು ಇಲ್ಲ ಅಂತ ಬರಿಯೂತನಕಾ ನುಂಗ್ರಿ. ಅದಕ್ಕ ಸಿಟ್ಟಾಗೂ ದೇವರಲ್ಲ ಅಂವ. ಉಂಡು ನುಂಗ್ರಿ, ಹೊಟ್ಟಿ ತೊಳಸೂದಿಲ್ಲ."

ಗಿರಿಜಾ ನುಂಗಿದಳು. ಅವರು ಮತ್ತೆ ನಾಲಿಗೆ ಎತ್ತಿಸಿ ನೋಡಿದರು. ನನಗೆ ಬಾಗಿಲ ಹಿಂದಿನಿಂದ ಹೊರಗೆ ಬರಲು ನಾಚಿಕೆಯಾಯಿತು.

ಆರು ತಿಂಗಳ ಕೊನೆಯ ಗಾಜನ್ನು ನಾನು ಮೂರು ಸಲ ನೋಡಿದೆ. ನೀಲಿ, ಬರೀ ನೀಲಿ. ನನ್ನ ಕಣ್ಣನ್ನು ಆಗ ನಾನೇ ನಂಬುತ್ತಿರಲಿಲ್ಲ. ಹಾವೇರಿಯಲ್ಲಿ ಇನ್ನೊಬ್ಬರಿಗೂ ಕಳಿಸಿದೆ. ಅಲ್ಲೂ ಇಲ್ಲ ಎಂದೇ ಬಂತು. ಅವರಿಗೆ ಹೇಳಿದಾಗ, "ಚಲೋ ಆತ್ರಿ," ಎಂದು ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ನಡೆದರು. ನಾನು ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ತಪ್ಪಾಯಿತು ಎಂದೂ ಅನ್ನಲಿಲ್ಲ. ಅವರು ನಿವೃತ್ತರಾದರು, ನಾನೂ ಆದೆ, ಮೊನ್ನೆ ಅವರು ಹೋಗಿಯೇ ಬಿಟ್ಟರು. ಅಷ್ಟು ವರ್ಷ ಆ ಮಾತು ನನ್ನ ನಾಲಿಗೆಯ ಕೆಳಗೇ ಉಳಿಯಿತು.

ಶೆಡ್ಡಿನಲ್ಲಿ ಎದ್ದು ನಿಂತಾಗ ಅದನ್ನೇ ಹೇಳಿದೆ.

"ನನ್ನ ಹೇಣ್ತಿ ಆರು ತಿಂಗಳ ಗುಳಿಗಿ ನುಂಗಿದ್ಲು, ಚಲೋ ಆದ್ಲು. ಆರೂ ತಿಂಗಳ ಇವರು ಕಾಲು ಎಳಕೊಂಡು ಬಂದು ಆಕಿ ನಾಲಿಗಿ ಕೆಳಗ ನೋಡಿದ್ರು. ಅದಕ್ಕ ಮೊದಲು ಎರಡು ತಿಂಗಳ ಆಕಿ ನನ್ನ ಬಾಜೂಕ ಕೆಮ್ಮಿದ್ಲು. ನಾ ನೋಡ್ಲಿಲ್ಲ. ಇವರು ಡಬ್ಬಿ ತಂದ್ರ ಬೈದು ಕಳಿಸಿದೆ. ತಪ್ಪು ನಂದು. ಇವರು ಇದ್ದಾಗ ಹೇಳಬೇಕಿತ್ತು, ಹೇಳ್ಲಿಲ್ಲ. ಇಷ್ಟ ನನ್ನ ಸಾಕ್ಷಿ."

ಆಮೆನ್ ಅನ್ನಬೇಕೋ ಬಾರದೋ ಯಾರಿಗೂ ತಿಳಿಯಲಿಲ್ಲ. ನಾನು ಕುಳಿತೆ. ಗಿರಿಜಾ ನನ್ನ ಕೈ ಹಿಡಿದುಕೊಂಡಳು, ಅಷ್ಟು ಮಂದಿಯ ನಡುವೆ.

ಬಸ್ಸಿನಲ್ಲಿ ಬರುವಾಗ ಆಕೆ ಒಂದು ಮಾತು ತೆಗೆದಳು. ಗುಳಿಗೆ ಮುಗಿದ ಕೊನೆಯ ದಿನ ಆಕೆ ಅವರನ್ನು ಕೇಳಿದ್ದಳಂತೆ, "ಎಲ್ಲಾರ ಮನಿಯಾಗೂ ಕಣ್ಣು ಮುಚ್ಚತೀರಿ. ನನ್ನ ಸಲುವಾಗಿ ಒಂದು ದಿನಾನೂ ಬೇಡಿಕೊಳ್ಳಲಿಲ್ಲೇನು ಕಾಕಾ?"

"ಏನಂದ್ರು?" ಎಂದು ಕೇಳಿದೆ.

"ಮನಿಯೊಳಗ ಮಾಡೂದಿಲ್ಲ ಅಂತ ಮಾತು ಕೊಟ್ಟೇನಿ, ಗೇಟಿನ ಹೊರಗ ದಿನಾ ಮಾಡೇನಿ ಅಂದ್ರು. ನಿಮ್ಮ ಸಲುವಾಗಿ ಅಲ್ಲ ಅಕ್ಕಾರ, ನಿಮ್ಮ ಜಡ್ಡಿಗೆ ಗುಳಿಗಿ ಐತಿ. ಸಾಹೇಬ್ರ ಸಲುವಾಗಿ ಅಂದ್ರು."

ಮೋಟೆಬೆನ್ನೂರು ದಾಟುವ ತನಕ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕುಳಿತೆ. ಘಾಟು ಶುರುವಾಗಿತ್ತು, ಕಣ್ಣೊರೆಸಿಕೊಂಡರೆ ಯಾರೂ ಏನೂ ಕೇಳುವುದಿಲ್ಲ.

ಮನೆ ಮುಟ್ಟಿ ಉಂಡ ಮೇಲೆ ಗಿರಿಜಾ ಎಂದಿನಂತೆ ನನ್ನ ಬಿಪಿ ಗುಳಿಗೆ ಅಂಗೈಯಲ್ಲಿಟ್ಟು ನೀರು ಕೊಟ್ಟಳು. ನಾನು ನುಂಗುವಷ್ಟು ಹೊತ್ತು ಆಕೆ ಕಣ್ಣು ಮುಚ್ಚಿದ್ದಳು. ಇದು ಇವತ್ತಿನದೋ, ಮೊದಲಿನಿಂದಲೂ ಇದ್ದದ್ದೋ, ನಾನು ಯಾವತ್ತೂ ನೋಡಿರಲಿಲ್ಲ. ಹಣಮಪ್ಪನಿಗೋ, ಕಾಕಾನ ದೇವರಿಗೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಆಕೆ ಕಣ್ಣು ತೆರೆದಳು.

"ಬಾಯಿ ತೆಗೀರಿ," ಅಂದಳು. "ನಾಲಿಗಿ ಎತ್ರಿ."

ಎತ್ತಿದೆ.